ಒಂದರಲ್ಲಿ ನಲವತ್ತು

ಕೋಳಿ ಮತ್ತೆ ಸತ್ತಿತು. ಅಥವಾ ಸಾಯಲಿಲ್ಲವೋ, ಗೆದ್ದು ಮೇಲಕ್ಕೆ ಹಾರಿಹೋಯಿತೋ, ಚೆಕ್ಕರಮ್ಮನಿಗೆ ಒಂದೂ ತಿಳಿಯಲಿಲ್ಲ. ಟಿವಿ ತುಂಬ ನಕ್ಷತ್ರಗಳು ಸಿಡಿದವು, ಯಾರೋ ಗುಂಪಾಗಿ ಹೋ ಎಂದು ಕೂಗಿದರು, ಇಂಗ್ಲಿಷಿನಲ್ಲಿ ಏನೋ ಮೂಡಿ ಅವಳು ಅಕ್ಷರ ಕೂಡಿಸುವಷ್ಟರಲ್ಲಿ ಮಾಯವಾಯಿತು. ಹೊಗಳಿದರೋ ಬೈದರೋ ದೇವರೇ ಬಲ್ಲ. ಕೈಯಲ್ಲಿದ್ದ ಗೇಮಿನ ರಿಮೋಟನ್ನು ಅವಳು ತಿರುಗಿಸಿ ಮುರುಗಿಸಿ ನೋಡಿ, ಮುಂದಿನ ಆಟಕ್ಕೆ ಹೋದಳು. ಅಲ್ಲಿ ಒಂದು ಬಲೂನು ಊದಬೇಕಿತ್ತು. ಎಷ್ಟು ಊದಬೇಕು, ಯಾಕೆ ಊದಬೇಕು ಎಂದು ಯೋಚಿಸುತ್ತಿರುವಾಗಲೇ ಅದು ಒಡೆದುಹೋಯಿತು.

ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿಗೆ ಮುಗಿದು ಬಂದ ಅಂಗಿಗಳನ್ನು ಬೆಳಕಿನ ಕೆಳಗೆ ಮೇಜಿನ ಮೇಲೆ ಹರಡಿ, ಕಾಲರಿನಿಂದ ಅಂಚಿನವರೆಗೆ ಕಣ್ಣಾಡಿಸಿ, ತಪ್ಪು ಕಂಡಲ್ಲಿ ಕೆಂಪು ಬಾಣದ ಚಿಕ್ಕ ಸ್ಟಿಕ್ಕರ್ ಅಂಟಿಸುವುದು ಕೆಲಸ. ಕಾರ್ಖಾನೆಯವರು ಇಟ್ಟ ಚೆಕ್ಕರಮ್ಮ ಎಂಬ ಹೆಸರನ್ನು ಗಂಡ ತಮಾಷೆಗೆಂದು ಮನೆಗೂ ತಂದಿದ್ದ, ಅದು ಅಲ್ಲೂ ಅಂಟಿಕೊಂಡಿತ್ತು. ಇವತ್ತು ಅವಳಿಗೆ ವಾರದ ರಜೆ. ರಜೆಯ ದಿನ ಬೆಳಗಿನಿಂದ ಸೋಫಾದ ತುದಿಯಲ್ಲಿ ಕೂತು ಕೋಳಿ ಓಡಿಸುತ್ತಿದ್ದಾಳೆಂದು ಗೊತ್ತಾದರೆ ಕಾರ್ಖಾನೆಯಲ್ಲಿ ಅವಳ ಲೈನಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ಅವಳಿಗೆ ಇದು ನಗುವ ವಿಷಯವಾಗಿರಲಿಲ್ಲ.

ಹೋದ ವರ್ಷ ಮದುವೆಯಾಗಿ ಈ ಮನೆಗೆ ಬಂದಾಗ ಗಂಡನ ಜೊತೆ ಹದಿಮೂರು ವರ್ಷದ ಮಗಳೂ ಇದ್ದಳು. ತಾಯಿ ತೀರಿಕೊಂಡ ಹುಡುಗಿ. ಅವಳು ಜಗಳವಾಡಿದ್ದರೆ, ತಟ್ಟೆ ಎಸೆದಿದ್ದರೆ ಚೆಕ್ಕರಮ್ಮ ಹೇಗೋ ಸಂಭಾಳಿಸುತ್ತಿದ್ದಳು. ಕಷ್ಟವೆಂದರೆ ಹುಡುಗಿ ತುಂಬ ಮರ್ಯಾದಸ್ಥೆ. ಊಟ ಬಡಿಸಿದರೆ "ಥ್ಯಾಂಕ್ಸ್" ಎನ್ನುತ್ತಿದ್ದಳು, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಜಾಗ ಬಿಡುವ ಹಾಗೆ ಸರಿದು ಕೂರುತ್ತಿದ್ದಳು. ಅಮ್ಮ ಎನ್ನಲಿಲ್ಲ, ಚಿಕ್ಕಮ್ಮ ಎನ್ನಲಿಲ್ಲ, ಹೋಗಲಿ ಆಂಟಿ ಎಂದೂ ಅನ್ನಲಿಲ್ಲ. ಏನಾದರೂ ಬೇಕಾದರೆ ಇನ್ನೊಂದು ಕೋಣೆಯಿಂದ ಕೂಗದೆ, ಎದ್ದು ಬಂದು, ಇವಳು ತಿರುಗಿ ನೋಡುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಅಂಥ ಹುಡುಗಿ ನಿನ್ನೆ ಸಂಜೆ ಒಂದು ಡಬ್ಬಿ ತಂದಿದ್ದಳು. ಮೇಲೆ 'ಒಂದರಲ್ಲಿ ನಲವತ್ತು' ಎಂದು ದೊಡ್ಡ ಅಕ್ಷರ, ಹಿಂದೆ ನಲವತ್ತು ಆಟಗಳ ನಲವತ್ತು ಪುಟಾಣಿ ಚಿತ್ರ, ಒಳಗೆ ಟಿವಿ ಪಕ್ಕದ ಗೇಮಿನ ಪೆಟ್ಟಿಗೆಗೆ ಹಾಕುವ ಒಂದು ಡಿಸ್ಕ್.

"ಅಪ್ಪಾ, ಇದು ತಗೊಳ್ಳೋಣ್ವಾ? ನೋಡಿ ಬೇಡ ಅಂದ್ರೆ ವಾಪಸ್ ತಗೋತೀನಿ ಅಂದಿದ್ದಾರೆ ಅಂಗಡಿಯವ್ರು."

ಗಂಡ ಲಿಫ್ಟ್ ರಿಪೇರಿ ಮಾಡುವವನು. ಮನೆಯಲ್ಲೂ ಅವನದು ಎರಡು ಮಹಡಿಯ ನಡುವೆ ನಿಂತುಬಿಡುವ ಸ್ವಭಾವ. "ತಗೋಬಹುದು, ಬಿಡಲೂಬಹುದು. ನನಗೇನು ತಿಳಿಯುತ್ತೆ ಪಾಪು? ಮನೇಲೇ ಚೆಕ್ಕರಮ್ಮ ಇದ್ದಾಳಲ್ಲ, ಅವಳನ್ನ ಕೇಳು."

ಹುಡುಗಿ ತಿರುಗಿದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. "ನೀವು ನೋಡ್ತೀರಾ? ನಾಳೆ ನಿಮಗೆ ರಜಾ ಅಲ್ವಾ. ನಾನು ನಾಲ್ಕಕ್ಕೆ ಬರ್ತೀನಿ."

"ಅದಕ್ಕೇನಂತೆ! ನೀನು ಬರೋಷ್ಟರಲ್ಲಿ ಎಲ್ಲಾ ನೋಡಿ ಮುಗಿಸಿರ್ತೀನಿ," ಎಂದಿದ್ದಳು ಚೆಕ್ಕರಮ್ಮ. ಹುಡುಗಿ ಬೇರೇನೋ ಹೇಳಲು ಬಾಯಿ ತೆರೆದು, "ಥ್ಯಾಂಕ್ಸ್" ಎಂದಷ್ಟೇ ಹೇಳಿ ಕೋಣೆಗೆ ಹೋಗಿದ್ದಳು.

ಈ ಮನೆಗೆ ಬಂದಮೇಲೆ ಹುಡುಗಿ ದಿನದ ಬೇಕು ಬೇಡಗಳ ಹೊರತಾಗಿ ಅವಳನ್ನು ಕೇಳಿದ್ದು ಇದೊಂದೇ. ಇದನ್ನು ಸರಿಯಾಗಿ ಮಾಡದಿದ್ದರೆ ಇನ್ನೊಮ್ಮೆ ಕೇಳಲಾರಳು ಎಂಬ ಹೆದರಿಕೆ ಚೆಕ್ಕರಮ್ಮನಿಗೆ. ಅದಕ್ಕೇ ಅಂಗಿ ನೋಡುವಾಗಿನದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಒಬ್ಬಳೇ ಕೂತಿದ್ದೂ ಬೇಕೆಂದೇ. ಹೊಲಿದವಳು ಮೇಜಿನ ಪಕ್ಕ ನಿಂತರೆ ಚೆಕ್ಕರಿನ ಕಣ್ಣು ಮಂಜಾಗುತ್ತದೆ, ಅಯ್ಯೋ ಪಾಪ ಎನಿಸಿ ತಪ್ಪು ಕಾಣದೆ ಹೋಗುತ್ತದೆ. ಆಸೆ ಪಟ್ಟವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಲು ನೋಡಬಾರದು. ಅದು ಅವಳ ಕಸುಬು ಕಲಿಸಿದ ಪಾಠ.

ಆದರೆ ಇಲ್ಲಿ ತಪ್ಪು ಯಾವುದು ಸರಿ ಯಾವುದು ಎಂಬುದೇ ಗೊಂದಲ. ಅಂಗಿಗೆ ಎರಡು ತೋಳಿರಬೇಕು, ಗುಂಡಿಗೆ ಎದುರು ಕಾಜ ಇರಬೇಕು. ಹಣ್ಣು ಕತ್ತರಿಸುವ ಆಟದಲ್ಲಿ ಹಣ್ಣಿನ ನಡುವೆ ಬಾಂಬು ಯಾಕಿರಬೇಕು? ಮೀನು ಹಿಡಿಯುವ ಆಟದಲ್ಲಿ ಹಳೇ ಬೂಟು ಸಿಕ್ಕಿದರೆ ಕೂಗಿ ಸಂಭ್ರಮಿಸುತ್ತಾರಲ್ಲ, ಇವರಿಗೇನು ಬಂತು? ಒಂದೊಂದು ಆಟವೂ ತಲೆಬುಡ ತಿಳಿಯುವ ಮೊದಲೇ ಮುಗಿದುಹೋಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಂತೆ ಆಗಬಾರದೆಂದು, ತನಗೆ ಬಾರದ್ದನ್ನೆಲ್ಲ ಅವಳು ಆಟದ ತಪ್ಪೆಂದು ಲೆಕ್ಕ ಹಿಡಿಯಲಿಲ್ಲ. ಗುಂಡಿ ಒತ್ತಿದರೆ ಗೊಂಬೆ ಅಲ್ಲಾಡುತ್ತದೋ, ಶುರುವಾದದ್ದು ಮುಗಿಯುತ್ತದೋ, ಅಷ್ಟನ್ನೇ ನೋಡಿದಳು.

ಹಾಗೆ ನೋಡಿದರೂ ಕೆಲವು ಕೆಟ್ಟೇ ಇದ್ದವು. ಅವೆಲ್ಲ ಒಂದೇ ಬಗೆಯಲ್ಲಿ ಕೆಟ್ಟಿದ್ದು ವಿಚಿತ್ರ. ಎಡಗಡೆ ಒಂದು ಕೆಂಪು ಗೊಂಬೆ, ಇವಳು ಗುಂಡಿ ಒತ್ತಿದರೆ ಕೈಯೆತ್ತುತ್ತಿತ್ತು. ಬಲಗಡೆ ಇನ್ನೊಂದು ಗೊಂಬೆ, ಬೂದು ಬಣ್ಣದ್ದು, ಕಲ್ಲಿನ ಹಾಗೆ ನಿಂತಿತ್ತು. ಕೆಳಗೆ ಒಂದು ಸಾಲು ಮಿನುಗುತ್ತಿತ್ತು. ಎಸ್, ಎಂ, ಎಲ್ ಎಂದು ಅಂಗಿಯ ಅಳತೆ ಓದಿ ಗೊತ್ತಿದ್ದ ಅವಳ ಇಂಗ್ಲಿಷಿಗೆ ಆ ಸಾಲು ನಿಲುಕಲಿಲ್ಲ. ಎಲ್ಲ ಗುಂಡಿ ಒತ್ತಿದಳು, ಡಿಸ್ಕ್ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿದಳು. ಟಿವಿ ಕೆಳಗಿನ ಡ್ರಾಯರಿನಲ್ಲಿ ಇನ್ನೊಂದು ರಿಮೋಟು ಇತ್ತು, ಅದು ಕಣ್ಣಿಗೆ ಬಿತ್ತು ಕೂಡ. ಅಂಗಿಯ ಒಳಮಗ್ಗುಲಲ್ಲಿ ಒಂದು ಗುಂಡಿ ಹೆಚ್ಚಿಗೆ ಹೊಲಿದಿರುತ್ತಾರಲ್ಲ, ಇರುವುದು ಕಳೆದರೆ ಇರಲಿ ಎಂದು, ಇದೂ ಹಾಗೆಯೇ ಎಂದುಕೊಂಡು ಡ್ರಾಯರ್ ಮುಚ್ಚಿದಳು. ಕೊನೆಗೆ ಕೈಚೀಲದಿಂದ ಕೆಂಪು ಬಾಣಗಳ ಹಾಳೆ ತೆಗೆದು, ಡಬ್ಬಿಯ ಹಿಂದೆ ಕೆಟ್ಟ ಆಟಗಳ ಚಿತ್ರಕ್ಕೆಲ್ಲ ಒಂದೊಂದು ಅಂಟಿಸಿದಳು. ಕೆಲಸ ಅಚ್ಚುಕಟ್ಟಾಗಿತ್ತು. ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಸಂಜೆ ಮೆಟ್ಟಿಲ ಮೇಲೆ ಓಡಿ ಬರುವ ಸದ್ದು. ಓಡಿ ಬರುವ ಹುಡುಗಿಯಲ್ಲ ಅವಳು. ಲೇಸು ಬಿಚ್ಚದೆ ಬೂಟು ಕಳಚಿ, ಚೀಲ ಹೆಗಲಲ್ಲಿ ಇರುವಾಗಲೇ ಒಳಗೆ ಬಂದು, "ಶುರು ಮಾಡಿದ್ರಾ?" ಎಂದಳು.

"ಶುರು ಏನು ಬಂತು, ಮುಗಿಸೇಬಿಟ್ಟೆ! ನಲವತ್ತೂ ನೋಡಿದೆ."

"ಎಲ್ಲಾನೂ? ಒಬ್ರೇ?"

"ಒಬ್ಬಳೇ. ನೋಡು, ತಗೊಳ್ಳೋದು ಬೇಡ. ಸುಮ್ಮನೆ ದುಡ್ಡು ದಂಡ. ಅರ್ಧದಷ್ಟು ಒಂದರ ಹಾಗೇ ಇನ್ನೊಂದಿದೆ. ಬಾಣ ಹಾಕಿರೋ ಇವೆಲ್ಲಾ ಕೆಟ್ಟೇ ಹೋಗಿದೆ. ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದ್ದಾನೆ."

ಹುಡುಗಿ ಡಬ್ಬಿ ತಿರುಗಿಸಿ ಬಾಣಗಳನ್ನು ನೋಡಿದಳು. ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಹಗ್ಗದ ಸೇತುವೆಯ ಮೇಲೆ ಎರಡು ಗೊಂಬೆಗಳು ಆಚೆ ಈಚೆ ಹಿಡಿದು ಒಂದು ತಟ್ಟೆ ತುಂಬ ಮೊಟ್ಟೆ ಸಾಗಿಸುತ್ತಿದ್ದವು.

"ಇದೂನಾ?"

"ಮೊದಲು ಕೆಟ್ಟಿದ್ದೇ ಅದು. ಪಕ್ಕದ ಗೊಂಬೆ ಏನು ಮಾಡಿದ್ರೂ ಜಪ್ಪಯ್ಯ ಅನ್ನಲ್ಲ."

ಹುಡುಗಿ ತಲೆಯೆತ್ತಿ ಅವಳ ಮುಖವನ್ನೇ ನೋಡಿದಳು. ನಗುತ್ತಾಳೋ ಅಳುತ್ತಾಳೋ ಚೆಕ್ಕರಮ್ಮನಿಗೆ ಅಂದಾಜಾಗಲಿಲ್ಲ. "ಅದು..." ಎಂದು ಶುರು ಮಾಡಿ ನಿಲ್ಲಿಸಿದಳು. ಆಮೇಲೆ ತಣ್ಣಗೆ, "ಇಷ್ಟ ಇಲ್ಲ ಅಂದಿದ್ರೆ ಸಾಕಿತ್ತು. ಕೆಟ್ಟಿದೆ ಅಂತ ಯಾಕೆ ಹೇಳ್ಬೇಕು," ಎಂದು ತನ್ನ ಕೋಣೆಗೆ ಹೋಗಿ ಸದ್ದಾಗದಂತೆ ಬಾಗಿಲು ಹಾಕಿಕೊಂಡಳು.

ಯಾರಿಗೆ ಇಷ್ಟವಿಲ್ಲ? ಯಾವುದು ಇಷ್ಟವಿಲ್ಲ? ಒಳ್ಳೆಯದು ಮಾಡಲು ಹೋಗಿ ಕೆಟ್ಟವಳಾದೆನೇ ಎಂದು ಚೆಕ್ಕರಮ್ಮ ಸ್ವಲ್ಪ ಹೊತ್ತು ಅಲ್ಲೇ ಕಣ್ಣು ಕಣ್ಣು ಬಿಟ್ಟುಕೊಂಡು ನಿಂತಳು. ಹುಡುಗಿಯ ಮೇಲೆ ಸಿಟ್ಟು ಬಂತು, ಆ ಸಿಟ್ಟನ್ನು ಅಂಗಡಿಯವನ ಮೇಲೆ ಹಾಕುವುದು ಸುಲಭವೆನಿಸಿತು. ಕೆಟ್ಟ ಮಾಲು ಕೊಟ್ಟು ಮಗುವಿನ ಮನಸ್ಸು ಮುರಿದವನು ಅವನೇ ತಾನೆ. ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ ತುರುಕಿದಂತಿದ್ದ ಒಂದು ಓಣಿ. ಗಾಜಿನ ಕಪಾಟುಗಳು, ಕೊನೆಯಲ್ಲಿ ಗೋಡೆಗೆ ಹಾಕಿದ ಟಿವಿ. ಅಂಗಡಿಯವನು ಇವಳ ಆರೋಪವನ್ನೆಲ್ಲ ಕೇಳಿಸಿಕೊಂಡ, ಬಾಣಗಳನ್ನು ಒಂದೊಂದಾಗಿ ನೋಡಿದ, ಆಮೇಲೆ ಡಿಸ್ಕನ್ನು ತನ್ನ ಗೇಮಿನ ಪೆಟ್ಟಿಗೆಗೆ ಹಾಕಿ ಮೊಟ್ಟೆಯ ಆಟ ತೆರೆದು ಅವಳ ಕೈಗೆ ಒಂದು ರಿಮೋಟು ಕೊಟ್ಟ.

"ಒತ್ತಿ ಅಕ್ಕಾ."

ಕೆಂಪು ಗೊಂಬೆ ಕೈಯೆತ್ತಿತು. ಬೂದು ಗೊಂಬೆ ನಿಂತೇ ಇತ್ತು. "ನೋಡಿ! ನಾನು ಸುಳ್ಳು ಹೇಳಿದ್ನಾ?"

ಅವನು ಮೊಳೆಗೆ ತೂಗುಹಾಕಿದ್ದ ಇನ್ನೊಂದು ರಿಮೋಟು ತೆಗೆದು ಒಂದು ಗುಂಡಿ ಒತ್ತಿದ. ಬೂದು ಗೊಂಬೆಗೆ ನೀಲಿ ಬಣ್ಣ ಬಂತು, ಕೈಯೆತ್ತಿತು, ತಟ್ಟೆಯ ಇನ್ನೊಂದು ತುದಿ ಹಿಡಿಯಿತು.

"ಅಯ್ಯೋ, ಇದು ಹೇಗೆ ಬಂತು?"

"ನಾನು ಬಂದೆ, ಅದು ಬಂತು. ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತಾ ಅಕ್ಕಾ? ಇದು ಇಬ್ಬರಾಡೋ ಆಟ. ಕೆಳಗೆ ಇಂಗ್ಲಿಷಲ್ಲಿ ಬರ್ದಿದೆ ನೋಡಿ, 'ಇನ್ನೊಬ್ಬರಿಗಾಗಿ ಕಾಯುತ್ತಿದ್ದೇವೆ' ಅಂತ." ಅವನು ಬಾಣ ಹಚ್ಚಿದ ಚಿತ್ರಗಳ ಮೇಲೆ ಬೆರಳಾಡಿಸಿ ನಕ್ಕ. "ನೀವು ಬಾಣ ಹಾಕಿರೋದೆಲ್ಲಾ ಅವೇ. ಒಂದೂ ಬಿಟ್ಟಿಲ್ಲ! ಆ ಹುಡುಗಿ ಈ ಡಬ್ಬಿ ಆರಿಸಿದ್ದೇ ಅದಕ್ಕೆ. ಇದಕ್ಕಿಂತ ಒಳ್ಳೇದು ತೋರಿಸ್ದೆ, ಬೇಡ ಅಂದ್ಲು. ಇಬ್ಬರು ಆಡೋದು ಜಾಸ್ತಿ ಇರ್ಬೇಕು, ಸುಲಭ ಇರ್ಬೇಕು, ಒಬ್ಬರಿಗೆ ಆಡೋಕೇ ಬರಲ್ಲ, ಹೊಸದಾಗಿ ಕಲಿಸ್ಬೇಕು ಅಂದ್ಲು."

ಚೆಕ್ಕರಮ್ಮನಿಗೆ ಲೇಸು ಬಿಚ್ಚದೆ ಕಳಚಿದ ಬೂಟು ಕಣ್ಣ ಮುಂದೆ ಬಂತು. ನಾಲ್ಕಕ್ಕೆ ಬರ್ತೀನಿ ಎಂದದ್ದು ಈಗ ಸರಿಯಾಗಿ ಕೇಳಿಸಿತು. ನಾಚಿಕೆ, ಸಂಕಟ, ಅದರ ಜೊತೆಗೆ ಎಂಥದೋ ಹುಚ್ಚು ಸಂತೋಷ ಒಟ್ಟಿಗೆ ನುಗ್ಗಿ ಬಂದವು.

"ವಾಪಸ್ ತಗೊಳ್ಲಾ ಅಕ್ಕಾ?"

"ಮುಟ್ಟಬೇಡಿ ಅದನ್ನ," ಎಂದು ಅವಳು ಡಬ್ಬಿ ಎಳೆದುಕೊಂಡಳು.

ಮನೆಗೆ ಬಂದಾಗ ಕೋಣೆಯ ಬಾಗಿಲು ಹಾಕಿಯೇ ಇತ್ತು. ತಟ್ಟಲು ಕೈಯೆತ್ತಿದಳು, ಇಳಿಸಿದಳು. ತಟ್ಟಿ ಏನು ಹೇಳುವುದು? ಕ್ಷಮಿಸು ಎಂದರೆ ಹುಡುಗಿ "ಪರವಾಗಿಲ್ಲ" ಎನ್ನುತ್ತಾಳೆ, ಅಷ್ಟು ಮರ್ಯಾದಸ್ಥೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ. ಡಿಸ್ಕ್ ಹಾಕಿ ಮೊಟ್ಟೆಯ ಆಟ ತೆರೆದು, ಡ್ರಾಯರಿನ ರಿಮೋಟನ್ನು ಸೋಫಾದ ಇನ್ನೊಂದು ತುದಿಯಲ್ಲಿಟ್ಟು ಕೂತಳು. ಕಾಯುವಾಗ ಬಾರಿಸುವ ಪುಟ್ಟ ರಾಗವೊಂದು ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅವಳು ಸದ್ದನ್ನು ಸ್ವಲ್ಪ ಹೆಚ್ಚಿಸಿದಳು. ಒಂದಷ್ಟು ಹೊತ್ತು ಬಿಟ್ಟು ಇನ್ನೂ ಹೆಚ್ಚಿಸಿದಳು.

ಬಾಗಿಲು ತೆರೆಯಿತು. "ಓದಕ್ಕಾಗ್ತಿಲ್ಲ," ಎಂದಳು ಹುಡುಗಿ. ಟಿವಿ ನೋಡಿದಳು. "ಅದು ಕೆಟ್ಟಿದೆ ಅಂದ್ರಲ್ಲ."

"ಕೆಟ್ಟಿದ್ದು ನನ್ನ ತಲೆ. ಇದಕ್ಕೆ ಇಬ್ಬರು ಬೇಕು ಅಂತ ನನಗೆ ಗೊತ್ತೇ ಆಗ್ಲಿಲ್ಲ ಕಣಮ್ಮ. ಅಂಗಡೀಲಿ ಹೋಗಿ ಜಗಳಾನೂ ಆಡಿದೆ, ಕೆಟ್ಟ ಮಾಲು ಕೊಟ್ಟಿದ್ದೀಯ ಅಂತ."

"ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ನನ್ನಾಣೆಗೂ. ಆ ಇನ್ನೊಂದು ರಿಮೋಟು ಇದೆಯಲ್ಲ, ಅದನ್ನ ಅಂಗಿ ಒಳಗಡೆ ಹೊಲಿದಿರೋ ಹೆಚ್ಚಿನ ಗುಂಡಿ ಥರ ಅಂದ್ಕೊಂಡಿದ್ದೆ."

ಹುಡುಗಿ ತುಟಿ ಬಿಗಿಹಿಡಿದು ನಿಂತಳು. ಆದರೂ ಮೂಗಿನಿಂದ ಒಂದು ನಗು ತಪ್ಪಿಸಿಕೊಂಡು ಹೊರಬಂತು. "ಗುಂಡೀನಾ?" ಎಂದಳು. ಬಂದು ಸೋಫಾದ ಆ ತುದಿಯಲ್ಲಿ ಕೂತು ರಿಮೋಟು ತೆಗೆದುಕೊಂಡಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಕೆಂಪು ಗೊಂಬೆ ಮುಂದೆ ಓಡಿದಾಗ ನೀಲಿ ಗೊಂಬೆ ಇನ್ನೂ ಹೆಜ್ಜೆ ಎತ್ತಿರಲಿಲ್ಲ, ಮೊಟ್ಟೆಗಳೆಲ್ಲ ಹೊಳೆಗೆ ಬಿದ್ದವು. ಮತ್ತೊಮ್ಮೆ ಇಬ್ಬರೂ ಒಟ್ಟಿಗೇ ನಿಂತುಬಿಟ್ಟರು, ಸೇತುವೆ ತೂಗಾಡಿ ಮೊಟ್ಟೆಗಳು ಬಿದ್ದವು. "ನಿಧಾನ," ಎಂದಳು ಹುಡುಗಿ. "ನಾನು ಹೂಂ ಅಂದಾಗ ಒಂದೇ ಒಂದು ಹೆಜ್ಜೆ." ಹೂಂ. ಹೂಂ. ಮತ್ತೆ ಬಿದ್ದವು. ಹುಡುಗಿ ಹಣೆ ಬಡಿದುಕೊಂಡು, ಬಾ ಎಂದು ಯಾರೂ ಕರೆಯದೆಯೇ ಈ ತುದಿಗೆ ಸರಿದು, ಚೆಕ್ಕರಮ್ಮನ ಹೆಬ್ಬೆರಳನ್ನು ಹಿಡಿದು ಸರಿಯಾದ ಗುಂಡಿಯ ಮೇಲೆ ಕೂರಿಸಿದಳು. ಹುಡುಗಿಯ ಬೆರಳಲ್ಲಿ ಶಾಯಿಯ ಕಲೆ ಇತ್ತು.

ಸೇತುವೆಯ ಅರ್ಧದವರೆಗೆ ಒಂದೂ ಮೊಟ್ಟೆ ಬೀಳಲಿಲ್ಲ. ಹುಡುಗಿ ಉಸಿರು ಬಿಗಿಹಿಡಿದು, ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಟಿವಿಯ ಕಡೆ ಪೂರ್ತಿ ಬಗ್ಗಿದ್ದಳು. ತಟ್ಟೆ ಒಂದು ಕಡೆಗೆ ವಾಲತೊಡಗಿತು.

"ಅಯ್ಯೋ, ನನ್ನ ಯಾಕೆ ನೋಡ್ತಿದ್ದೀರಾ?" ಎಂದು ಹುಡುಗಿ ಕೂಗಿದಳು. "ಅಲ್ಲಿ ನೋಡಿ, ಅಲ್ಲಿ!"

ಚೆಕ್ಕರಮ್ಮ ಅಲ್ಲಿ ನೋಡಿದಳು. ತಟ್ಟೆ ಮಂಜು ಮಂಜಾಗಿ ಕಂಡಿತು. ಕಣ್ಣೊರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ಬಿಡುವಿರಲಿಲ್ಲ.