ಮಾನ್ಯತೆ ಬಾರದ ಕಾಲೇಜು

ಐರ್ಲೆಂಡಿನ ಗಾಲ್ವೇಯಲ್ಲಿ, ಮೂಳೆ-ಸ್ನಾಯುಗಳನ್ನು ಕೈಯಿಂದ ನೀವಿ ಗುಣಪಡಿಸುವ ಆಸ್ಟಿಯೋಪತಿಯ ಹೊಸ ವೈದ್ಯಕೀಯ ಕಾಲೇಜಿನ ಉದ್ಘಾಟನೆಗೆ ಇನ್ನು ಅರ್ಧ ಗಂಟೆಯಿತ್ತು. ಅಂಗರಚನಾಶಾಸ್ತ್ರ ಕಲಿಸಲು ಮೈಸೂರಿನಿಂದ ಬಂದಿದ್ದ ಲೀಲಾವತಿಯನ್ನು ಡೀನ್ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಮಾನ್ಯತೆ ಸಿಕ್ಕಿಲ್ಲ. ಪತ್ರ ಈಗಷ್ಟೇ ಬಂತು."

ಲೀಲಾವತಿ ಪತ್ರವನ್ನು ಎರಡು ಸಲ ಓದಿದಳು. ಮಾನ್ಯತೆಯಿಲ್ಲದೆ ಇಲ್ಲಿ ಓದಿದ ಒಬ್ಬರೂ ಡಾಕ್ಟರಾಗುವಂತಿಲ್ಲ.

"ಮೇಲ್ಮನವಿ ಹಾಕುತ್ತೇವೆ. ಎಲ್ಲ ಸರಿಹೋಗುತ್ತೆ. ವಿದ್ಯಾರ್ಥಿಗಳಿಗೆ ಮಾತ್ರ ಹೇಳಬೇಡಿ. ಕಾಲೇಜು ನಿಂತರೆ ನಿಮ್ಮ ವರ್ಕ್ ಪರ್ಮಿಟ್ಟೂ ನಿಲ್ಲುತ್ತೆ."

ಮಗಳು ಇಲ್ಲಿನ ಶಾಲೆಗೆ ಹೊಂದಿಕೊಂಡು ತಿಂಗಳೂ ಆಗಿರಲಿಲ್ಲ. ಲೀಲಾವತಿ ತಲೆಯಾಡಿಸಿ ಹೊರಬಂದಳು.

ಕಾರಿಡಾರಿನಲ್ಲಿ ಒಬ್ಬ ಹುಡುಗಿ ತಡೆದಳು. "ಮೇಡಂ, ನೀವು ಕನ್ನಡದವ್ರಲ್ವಾ? ನಾನು ಧನುಶ್ರೀ. ಕಾರ್ಕ್ ಊರಿನ ಡಗ್ಲಸ್‌ನಲ್ಲಿ ಒಂದು ನರ್ಸಿಂಗ್ ಹೋಮ್‌ನಲ್ಲಿ ಕೆಲ್ಸ ಮಾಡ್ತಿದ್ದೆ, ಇದಕ್ಕೋಸ್ಕರ ಬಿಟ್ಬಂದೆ. ಡಬ್ಲಿನ್‌ನಲ್ಲೂ ಒಂದು ಸೀಟಿದೆ, ಇವತ್ತು ಹನ್ನೆರಡು ಗಂಟೆಗೆ ಲಾಸ್ಟು. ಅದನ್ನ ಬಿಡ್ತಾ ಇದೀನಿ. ಸರಿ ತಾನೆ ಮೇಡಂ?"

ಲೀಲಾವತಿ ಡೀನ್ ಕೋಣೆಯ ಬಾಗಿಲತ್ತ ನೋಡಿದಳು. "ಒಳಗೆ ನಡಿಯಮ್ಮ, ಶುರುವಾಗುತ್ತೆ" ಎಂದಷ್ಟೇ ಅಂದಳು.

ಭಾಷಣಗಳು ಮುಗಿಯಲೇ ಇಲ್ಲ. ಲೀಲಾವತಿ ಗೋಡೆ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಹನ್ನೊಂದೂಮುಕ್ಕಾಲಿಗೆ ಅರ್ಧ ಎದ್ದಳು; ಡೀನ್ ತಿರುಗಿ ನೋಡಿದರು; ಮತ್ತೆ ಕೂತಳು. ಮುಳ್ಳು ಹನ್ನೆರಡು ದಾಟಿತು.

ಮೊದಲ ತರಗತಿಯಲ್ಲಿ ಬೆನ್ನುಮೂಳೆಯ ಮಾದರಿ ಕೈಗೆತ್ತಿಕೊಂಡಳು. ನಲವತ್ತು ಮುಖಗಳು ಕಾಯುತ್ತಿದ್ದವು. ಅವಳು ಮಾದರಿಯನ್ನು ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಕುರ್ಚಿಗಳು ಸರಿದವು, ಯಾರೋ ಅತ್ತರು, ಯಾರೋ ಡೀನ್ ಕೋಣೆಯತ್ತ ಓಡಿದರು.

ಧನುಶ್ರೀ ಮಾತ್ರ ಅಲುಗಲಿಲ್ಲ. "ಯಾವಾಗ ಗೊತ್ತಾಯ್ತು ಮೇಡಂ?"

"ಬೆಳಿಗ್ಗೆ. ನೀನು ಕೇಳೋಕ್ ಮುಂಚೆ."

"ಗೊತ್ತಿದ್ದೂ ಒಳಗೆ ನಡಿ ಅಂದ್ರಾ?"

ಲೀಲಾವತಿ ಅಲ್ಲೇ ಡಬ್ಲಿನ್‌ಗೆ ಫೋನ್ ಮಾಡಿದಳು. ತಪ್ಪು ನನ್ನದು, ಹುಡುಗಿಯದಲ್ಲ ಎಂದು ಬೇಡಿಕೊಂಡಳು. ಸೀಟು ಮುಂದಿನವರಿಗೆ ಹೋಗಿಯಾಗಿತ್ತು. ಬೇರೆ ಕಾಲೇಜುಗಳ ನಂಬರು ಹುಡುಕಿದಳು; ಒಂದಾದ ಮೇಲೊಂದು ಇಲ್ಲ ಎಂದವು.

ಸಂಜೆಯೊಳಗೆ ಅವಳನ್ನು ಕೆಲಸದಿಂದ ತೆಗೆದ ಮೇಲ್ ಬಂತು. ಓದಿ ಮುಚ್ಚಿಟ್ಟಳು. ಧನುಶ್ರೀ ಕಾರ್ಕ್ ಬಸ್ಸಿಗೆ ಹೊರಟಾಗ ಸೂಟ್‌ಕೇಸ್ ಹಿಡಿಯಲು ಕೈಚಾಚಿದಳು.

"ಬೇಡಿ ಮೇಡಂ" ಎಂದು ಹುಡುಗಿ ತಾನೇ ಎತ್ತಿಕೊಂಡು ಬಸ್ ಹತ್ತಿದಳು.