ಟ್ರೇಲರಿನ ಹಿಂದೆ ಯಾರೋ ಇದ್ದಾರೆ

ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಯೊಂದಿಗೆ ಚಳಿಗಾಲಕ್ಕೆ ಅರಿಝೋನಾದ ಮರುಭೂಮಿಗೆ ಬಂದು ಬೀಡುಬಿಡುವ ನಮ್ಮಂಥ ಟ್ರೇಲರ್ ಜನಕ್ಕೆ ಕಲ್ಲಿನ ಹುಚ್ಚು. ಬಣ್ಣದ ಕಲ್ಲು ಕಂಡಲ್ಲೆಲ್ಲ ಬಗ್ಗುತ್ತೇವೆ, ಆರಿಸಿದ್ದನ್ನು ಟ್ರೇಲರಿನ ಹಿಂದಿನ ಮಂಚದ ಕೆಳಗೆ ತುಂಬುತ್ತೇವೆ. ಪಕ್ಕದ ಟ್ರೇಲರಿನ ಡೆಲ್ಬರ್ಟ್‌ಗೆ ಈ ಹುಚ್ಚು ಇನ್ನೂ ಜಾಸ್ತಿ ಇತ್ತು. ಅವನು ತೀರಿಕೊಂಡ ಮೇಲೆ ಹೆಂಡತಿ ಆರ್ಲೀನ್ ಒಂದು ಕಲ್ಲನ್ನೂ ಬಿಸಾಡಲಿಲ್ಲ. ಮನೆಯ ಶೆಡ್ಡಿನಲ್ಲಿದ್ದವನ್ನೂ ತಂದು ಟ್ರೇಲರಿನ ಹಿಂದಕ್ಕೇ ಹೇರಿದಳು.

ಈ ಸಲ ಒಬ್ಬಳೇ ಬಂದಿದ್ದಳು. ನನ್ನ ಜೊತೆ ಕಾಫಿ ಕುಡಿಯುತ್ತ ಮೆಲ್ಲಗೆ ಹೇಳಿದಳು.

"ಮಾರ್ವಾ, ದಾರೀಲಿ ಡೆಲ್ಬರ್ಟ್ ಬಂದಿದ್ದ ಕಣೇ."

"ಏನಂದೆ?"

"ಇಳಿಜಾರಲ್ಲಿ ವೇಗ ಅರವತ್ತು ಮೈಲಿ ದಾಟ್ತು ನೋಡು, ಹಿಂದೆ ಯಾರೋ ಎದ್ದು ಓಡಾಡಿದ ಹಾಗಾಯ್ತು. ಎಡಕ್ಕೆ ಹೋದ, ಬಲಕ್ಕೆ ಬಂದ. ಕನ್ನಡೀಲಿ ಟ್ರೇಲರಿನ ಪಕ್ಕ ಇಣುಕಿ ಇಣುಕಿ ಹೋಯ್ತು. ನನ್ನ ಕೈಯಿಂದ ಸ್ಟೀರಿಂಗ್ ಎಳೀತಿದ್ದ. ನಿಧಾನ ಮಾಡ್ದೆ, ಮಲಗಿಬಿಟ್ಟ."

"ಅಯ್ಯೋ ಹುಚ್ಚಿ, ಅದು ಡೆಲ್ಬರ್ಟ್ ಅಲ್ಲ. ಟ್ರೇಲರ್ ಹಿಂಭಾರ ಆಗಿದೆ, ಬಾಲ ಆಡಿಸ್ತಿದೆ."

"ಅವನ ನಡಿಗೆ ನನಗೆ ಗೊತ್ತಿಲ್ವಾ? ನಾಳೆ ಮಗಳ ಊರಿಗೆ ಹೊರಡ್ತೀನಲ್ಲ, ಗುಡ್ಡ ಇಳಿಯುವಾಗ ಎಪ್ಪತ್ತಕ್ಕೆ ಬಿಡ್ತೀನಿ. ಅವನ ಹತ್ರ ಮಾತಾಡೋದಿದೆ."

ಹೇಳುವಾಗ ಅವಳ ಮುಖದಲ್ಲಿ ಸಂತೋಷವಿತ್ತು. ಅದನ್ನು ಕಂಡೇ ನನಗೆ ಹೆದರಿಕೆಯಾಯಿತು.

ಬೆಳಿಗ್ಗೆ ಕೇಳದೇ, ಟ್ರೇಲರ್ ಎಳೆಯುವ ಅವಳ ಪಿಕಪ್ ಹತ್ತಿ ಕೂತೆ. ಗುಡ್ಡಕ್ಕೆ ಮೊದಲು ಲಾರಿ ತೂಗುವ ವೇಬ್ರಿಜ್ ಒಂದಿದೆ. ಅಲ್ಲಿವರೆಗೆ ನಿಧಾನ ಹೋಗಿ ಟ್ರೇಲರ್ ತೂಗಿಸೋಣ ಅಂದೆ, ತಲೆಯಾಡಿಸಿದಳು.

ಖಾಲಿ ರಸ್ತೆ, ಅಡ್ಡಗಾಳಿ. ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಆಮೇಲೆ ಶುರುವಾಯಿತು. ಮೊದಲು ಸೀಟಿನ ಕೆಳಗೆ ಯಾರೋ ಮೆಲ್ಲಗೆ ತಟ್ಟಿದ ಹಾಗೆ. ಆಮೇಲೆ ಕನ್ನಡಿಯಲ್ಲಿ ಟ್ರೇಲರಿನ ಬಿಳಿ ಪಕ್ಕ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಸುಳ್ಳು ಯಾಕೆ ಹೇಳಲಿ, ಎಲ್ಲ ಗೊತ್ತಿದ್ದ ನನಗೂ ಹಿಂದಿನ ಮಂಚದಿಂದ ಯಾರೋ ಎದ್ದರು ಅನಿಸಿತು.

"ಬಂದ್ಯಾ?" ಎಂದಳು ಆರ್ಲೀನ್. ಅವಳ ಕಾಲು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿತು.

"ಕಾಲು ತೆಗಿಯೇ! ಬ್ರೇಕ್ ತುಳೀಬೇಡ! ಸ್ಟೀರಿಂಗ್ ನೆಟ್ಟಗೆ ಹಿಡಿ!" ಎಂದು ಕಿರುಚಿ, ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಸುವ ಸಣ್ಣ ಹಿಡಿಯನ್ನು ನಾನೇ ಮೆಲ್ಲಗೆ ಒತ್ತಿದೆ. ಅಷ್ಟರಲ್ಲಿ ನಮ್ಮ ಬಾಲ ಎದುರು ಬರುತ್ತಿದ್ದ ಕಾರಿನ ದಾರಿಗೆ ಬೀಸಿತ್ತು. ಕೂದಲೆಳೆಯಲ್ಲಿ ಡಿಕ್ಕಿ ತಪ್ಪಿತು. ಆ ಕಾರಿನಲ್ಲಿ ಮಕ್ಕಳಿದ್ದರು.

ಪಿಕಪ್ ಪಕ್ಕಕ್ಕೆ ನಿಂತಿತು. ಆರ್ಲೀನ್ ಬಿಳಿಚಿಕೊಂಡಿದ್ದಳು. "ಡೆಲ್ಬರ್ಟ್ ಹೀಗೆ ಮಾಡೋನಲ್ಲ ಮಾರ್ವಾ. ಮಕ್ಕಳಿಗೆ... ಅವನು ಹೀಗೆ ಮಾಡೋನಲ್ಲ."

ತೆವಳಿಕೊಂಡು ವೇಬ್ರಿಜ್‌ಗೆ ಹೋದೆವು. ಮೊದಲು ಪಿಕಪ್ ಒಂದನ್ನೇ ತೂಗಿದೆವು. ಆಮೇಲೆ ಟ್ರೇಲರ್ ಸಿಕ್ಕಿಸಿ, ಪಿಕಪ್ಪಿನ ಚಕ್ರಗಳನ್ನು ಮಾತ್ರ ತೂಗಿದೆವು. ಹೆಚ್ಚಾದದ್ದು ಇನ್ನೂರು ಪೌಂಡು. ಅದೇ ಟ್ರೇಲರನ್ನು ಪಿಕಪ್ಪಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬಿದ್ದ ಮುಂಭಾರ. ಟ್ರೇಲರಿನ ಒಟ್ಟು ತೂಕ ಐದು ಸಾವಿರ.

"ಹಗುರ ಇದ್ರೆ ಒಳ್ಳೇದಲ್ವಾ?"

"ಎಲ್ಲರೂ ಎಡವೋದೇ ಅಲ್ಲಿ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿ ಮೇಲೆ ಕೂತಿರ್ಬೇಕು. ನಿನಗೆ ಐನೂರಾದ್ರೂ ಬೇಕು."

ಸರಿ, ಕಲ್ಲನ್ನೆಲ್ಲ ಹೊತ್ತು ಟ್ರೇಲರಿನ ಮುಂದಿನ ಗೂಡಿಗೆ ತುಂಬಿದಳು. ಪಿಕಪ್ಪಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ತೂಗಿದರೆ ಆರುನೂರ ತೊಂಬತ್ತು. ಕೊಂಡಿಯ ಮೇಲೆ ಕೆತ್ತಿದ್ದ ಮಿತಿ ಆರುನೂರು.

"ಇದೂ ಆಗಲ್ಲ ಆರ್ಲೀನ್. ಪಿಕಪ್ಪಿನ ಮುಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತೆ, ಸ್ಟೀರಿಂಗ್ ಮಾತು ಕೇಳಲ್ಲ. ಕೊಂಡಿಗೊಂದು ಮಿತಿ, ಪಿಕಪ್‌ಗೊಂದು ಮಿತಿ. ಎರಡ್ರಲ್ಲಿ ಯಾವುದನ್ನೂ ದಾಟಬಾರ್ದು."

"ಅಂದ್ರೆ ಕಲ್ಲು ಬಿಡ್ಬೇಕಾ?"

"ಒಂದಷ್ಟು ಬಿಡ್ಬೇಕು."

ವೇಬ್ರಿಜ್ ಬೇಲಿಯ ಪಕ್ಕ ಕೂತು ಒಂದೊಂದನ್ನೇ ಸವರಿ ಕೆಳಗಿಟ್ಟಳು. ನನಗೆ ನೋಡಲಾಗಲಿಲ್ಲ. ಉಳಿದವನ್ನು ಕೆಲವು ಮುಂದೆ, ಕೆಲವು ಟ್ರೇಲರಿನ ಚಕ್ರದ ನೇರಕ್ಕೆ ಇಟ್ಟು ತೂಗಿದೆವು. ಐನೂರ ಎಪ್ಪತ್ತು.

ಗುಡ್ಡ ಇಳಿದೆವು. ಗಾಳಿ ಹಾಗೇ ಇತ್ತು, ಲಾರಿಗಳೂ ದಾಟಿದವು. ಹಿಂದೆ ಏನೂ ಅಲುಗಲಿಲ್ಲ. ಆ ನಿಶ್ಶಬ್ದ ಮೊದಲಿನ ಓಲಾಟಕ್ಕಿಂತ ಭಾರವಾಗಿತ್ತು. ಆರ್ಲೀನ್ ಕನ್ನಡಿ ನೋಡುತ್ತಲೇ ಇದ್ದಳು.

"ಬರ್ಲಿಲ್ಲ ಮಾರ್ವಾ."

"ಇಲ್ಲ ಕಣೇ."

ಅತ್ತಳು. ಆದರೂ ಸ್ಟೀರಿಂಗ್ ನೆಟ್ಟಗಿತ್ತು. ಸಂಜೆ ಮಗಳ ಮನೆಯ ಅಂಗಳದಲ್ಲಿ ಇಳಿದಾಗ ಮೊಮ್ಮಗಳು ಓಡಿ ಬಂದಳು. ಆರ್ಲೀನ್ ಕೋಟಿನ ಜೇಬಿನಿಂದ ಒಂದು ಕೆಂಪು ಕಲ್ಲು ತೆಗೆದು ಅವಳ ಕೈಗಿಟ್ಟಳು. "ತಾತ ಕಳಿಸಿದ್ದು," ಎಂದಳು.

ಟ್ರೇಲರ್ ಎಳೆಯುವ ಅಕ್ಕಂದಿರೇ, ಅಣ್ಣಂದಿರೇ, ಭಾರವಾದದ್ದನ್ನು ಹಿಂದೆ ತುಂಬಬೇಡಿ, ಎಲ್ಲವನ್ನೂ ಮುಂದಕ್ಕೂ ದೂಡಬೇಡಿ. ಕೊಂಡಿಯ ಮಿತಿ ಓದಿ, ಹೊರಡುವ ಮೊದಲು ತೂಗಿಸಿ. ಹಿಂದೆ ಯಾರೋ ಓಡಾಡಿದಂತೆ ಅನಿಸಿದರೆ ಹೆಸರು ಹಿಡಿದು ಕರೆಯಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಹೋದವರು ಹಾಗೆ ಬರುವುದಿಲ್ಲ, ನಿಮಗಾಗಿ ಕಾಯುವವರು ಮುಂದಿನ ಊರಿನಲ್ಲಿದ್ದಾರೆ.