ಎಡಗಡೆಯ ಕನ್ನಡಿ

ಹೆಂಡತಿಯ ನಗು ದೇವೀಂದ್ರಪ್ಪನ ಕಿವಿಗೆ ಬರುವ ಮೊದಲು ಸೈಕಲ್ಲಿನ ಸೀಟಿಗೆ ಬರುತ್ತಿತ್ತು. ಹಿಂದೆ ಕ್ಯಾರಿಯರ್ ಮೇಲೆ ಕೂತ ಗುರುದೇವಿ ನಕ್ಕರೆ ಕ್ಯಾರಿಯರ್ ಸಣ್ಣಗೆ ಅದುರುತ್ತಿತ್ತು. ಆ ಅದುರು ಸೀಟಿನ ಸ್ಪ್ರಿಂಗಿಗೆ ತಾಗಿ, ಅಲ್ಲಿಂದ ಅವನ ಬೆನ್ನಿಗೆ ಏರುತ್ತಿತ್ತು. ನಗು ಕೇಳಿಸುತ್ತಿದ್ದುದು ಆಮೇಲೆ. ಆ ಹೊತ್ತಿಗಾಗಲೇ ಅವನ ಹಲ್ಲು ಕಚ್ಚಿಕೊಂಡಿರುತ್ತಿದ್ದವು, ಏಕೆಂದರೆ ಆ ನಗು ಅವನಿಂದ ಹುಟ್ಟಿದ್ದಲ್ಲ.

ನಗಿಸುತ್ತಿದ್ದವನು ಲಾಲಪ್ಪ. ಶಹಾಬಾದಿನಿಂದ ವಾಡಿಯ ಕಡೆಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯೊಂದಿತ್ತು. ದೇವೀಂದ್ರಪ್ಪ ಅದರ ಆಫೀಸಿನಲ್ಲಿ ಗುಮಾಸ್ತ. ಗಣಿ ಕೆಲಸದವರ ಮಕ್ಕಳಿಗಾಗಿ ಇದ್ದ ಶಾಲೆಯಲ್ಲಿ ಗುರುದೇವಿ ಅಕ್ಕೋರು. ಲಾಲಪ್ಪ ಅಲ್ಲಿಯ ದವಾಖಾನೆಯ ಕಂಪೌಂಡರ್. ಮೂವರೂ ಊರಿನ ಒಂದೇ ಓಣಿಯಿಂದ ಒಂದೇ ಹೊತ್ತಿಗೆ ಹೊರಡುವವರು. ಲಾಲಪ್ಪನ ಮೈಯಲ್ಲಿ ಮಾಂಸಕ್ಕಿಂತ ಮಾತು ಹೆಚ್ಚು. ಅವನ ಸೈಕಲ್ ಗಾಳಿಪಟದಂತೆ ಹಗುರ. ರಸ್ತೆಯ ಎಡ ಅಂಚು ಹಿಡಿದು, ಗುರುದೇವಿಯ ಮುಂದೆಯೂ ಅಲ್ಲದೆ ಹಿಂದೆಯೂ ಅಲ್ಲದೆ, ಅವಳ ಪಾದಗಳ ಜೊತೆಜೊತೆಗೇ ಬರುತ್ತಿದ್ದ. ಆ ಕಡೆಯ ಹೆಂಗಸರೆಲ್ಲ ಕೂರುವಂತೆ ಅವಳೂ ಎರಡು ಕಾಲನ್ನೂ ಎಡಕ್ಕೆ ಇಳಿಬಿಟ್ಟು, ಎಡಕ್ಕೆ ಮುಖ ಮಾಡಿ ಕೂರುತ್ತಿದ್ದಳು. ಹಾಗಾಗಿ ದಾರಿಯುದ್ದಕ್ಕೂ ಅವಳ ಮುಖ ಕಾಣುತ್ತಿದ್ದುದು ಲಾಲಪ್ಪನಿಗೆ. ಗಂಡನಿಗೆ ಕಾಣುತ್ತಿದ್ದುದು ರಸ್ತೆ.

ತಿರುಗಿ ನೋಡೋಣವೆಂದರೆ ದೇವೀಂದ್ರಪ್ಪನ ದೇಹ ತಿರುಗುವಂಥದ್ದಲ್ಲ. ಬಾಗಿಲಿನಷ್ಟು ಅಗಲದ ಬೆನ್ನು, ಹೆಗಲಿಗೆ ಹತ್ತಿಕೊಂಡೇ ಇರುವ ಕುತ್ತಿಗೆ. ಹಾಲಿನವರು ಕ್ಯಾನು ಹೇರಿಕೊಂಡು ಹೋಗುವ ಎರಡು ಡಂಡಿಯ ಸೈಕಲ್ಲೇ ಅವನಿಗೆ ಬೇಕಾಗಿತ್ತು. ಒಮ್ಮೆ, ಲಾಲಪ್ಪ ಏನೋ ಪಿಸುಗುಟ್ಟಿದಂತೆ ಅನಿಸಿ, ಇವನು ಹೊರಳಿ ನೋಡಿದ. ದೇಹ ಹೊರಳಿದ ಕಡೆಗೇ ಹ್ಯಾಂಡಲ್ಲೂ ಹೊರಳಿತು. ಸೈಕಲ್ ಓಲಾಡಿ, ಗುರುದೇವಿ ಅವನ ಅಂಗಿ ಹಿಡಿದುಕೊಂಡಳು.

"ಮುಂದ ನೋಡ್ರಿ," ಅಂದಳು ಅವಳು.

ಆ ದಿನ ದಾರಿಯುದ್ದಕ್ಕೂ ಅವಳು ಅವನಿಗೆ ಅಂದದ್ದು ಅಷ್ಟೇ.

ಮನೆಯಲ್ಲೂ ಹೀಗೆಯೇ. ರೊಟ್ಟಿ ಬಡಿಯುವ ಸದ್ದು, ತಾಟು ಇಟ್ಟ ಸದ್ದು, ಇವನು ಉಂಡ ಸದ್ದು. ಮದುವೆಯಾದಾಗಿನಿಂದ ಆ ಮೌನಕ್ಕೆ ಅವನು ಒಗ್ಗಿಹೋಗಿದ್ದ. ಅವಳ ಸ್ವಭಾವವೇ ಹಾಗೆ ಎಂದುಕೊಂಡಿದ್ದ. ಅವಳಿಗೆ ನಗಲು ಬರುತ್ತದೆಂಬುದು ಲಾಲಪ್ಪನ ದೆಸೆಯಿಂದ ಗೊತ್ತಾಯಿತು. ದೇವೀಂದ್ರಪ್ಪನಿಗೆ ಕ್ಷಮಿಸಲಾಗದೆ ಹೋದದ್ದು ಅದೇ. ತನ್ನ ಮನೆಯಲ್ಲೇ ಹೂತಿಟ್ಟಿದ್ದ ಕೊಪ್ಪರಿಗೆಯನ್ನು ಹಾದಿಹೋಕನೊಬ್ಬ ಬಂದು ತೋರಿಸಿಕೊಟ್ಟಂತಿತ್ತು.

ಲಾಲಪ್ಪ ಅವಳನ್ನು "ಅಕ್ಕೋರೆ" ಎಂದೇ ಕರೆಯುತ್ತಿದ್ದ. ಅದರಿಂದ ಸಮಾಧಾನವೇನೂ ಇರಲಿಲ್ಲ. ಶಾಲೆಯಲ್ಲಿ ಕಲಿಸುವವಳನ್ನು ಊರೆಲ್ಲ ಹಾಗೇ ಕರೆಯುತ್ತದೆ.

ಒಂದು ಭಾನುವಾರ ಬೆಳಿಗ್ಗೆ ದೇವೀಂದ್ರಪ್ಪ ಸ್ಟೇಷನ್ ಹತ್ತಿರದ ಮಜೀದಸಾಬನ ಸೈಕಲ್ ಅಂಗಡಿಗೆ ಹೋದ.

"ಬರ್ರಿ ಗುಮಾಸ್ತ್ರ, ಕುಂದ್ರಿ. ಮತ್ತ ಕಡ್ಡಿ ಮುರದ್ವೇನು?" ಇವನ ಹಿಂದಿನ ಗಾಲಿಗೆ ದಪ್ಪ ಕಡ್ಡಿ ಹಾಕಿ, ಸೀಟಿಗೆ ಜೋಡಿ ಸ್ಪ್ರಿಂಗ್ ಕೂರಿಸಿದವನು ಮಜೀದಸಾಬನೇ.

"ಕಡ್ಡಿ ಛಲೋ ಅವ. ಹಿಂದ ನೋಡೋ ಕನ್ನಡಿ ಬೇಕಾಗ್ಯದ."

"ಯಾಕ್ರಿ?"

"ಫರಸಿ ಲಾರಿ ಭಾಳ ಆಗ್ಯಾವ. ಹಿಂದಿಂದ ಬಂದು ಮೈಮ್ಯಾಲೇ ಹಾಯ್ತಾವ."

"ಖರೇ ಅದ," ಎಂದು ಮಜೀದಸಾಬ ಒಳಗಿನಿಂದ ದುಂಡನೆಯ ಸಣ್ಣ ಕನ್ನಡಿಯೊಂದನ್ನು ತಂದು ಹ್ಯಾಂಡಲ್ಲಿಗೆ ಹಿಡಿದ. "ಈಗ ಹತ್ರಿ. ಏನ್ ಕಾಣ್ತದ?"

ದೇವೀಂದ್ರಪ್ಪ ಸೀಟಿನ ಮೇಲೆ ಕೂತು, ಕಾಲು ನೆಲಕ್ಕೆ ಊರಿ ನೋಡಿದ. ಕನ್ನಡಿಯ ತುಂಬ ಬಿಳಿ ಅಂಗಿಯ ತೋಳು.

"ನನ್ನ ತೋಳೇ ಕಾಣ್ತದ."

"ಮಸ್ತ್ ತೋಳದರಿ. ನೋಡ್ಕೋತ ಹೋಗ್ರಿ."

"ಚಾಷ್ಟಿ ಬ್ಯಾಡ ಮಜೀದಸಾಬ. ಇದು ಸಣ್ಣ ಹುಡುಗ್ರ ಸಾಮಾನು. ನನ್ನಂಥೋರಿಗೆ ಏನರೆ ಇದ್ರ ತೋರ್ಸು."

ಎರಡನೆಯದರ ಕಾಂಡ ತುಸು ಉದ್ದವಿತ್ತು. ಅದರಲ್ಲಿ ಅರ್ಧ ಹೆಗಲು, ಅರ್ಧ ಆಕಾಶ. ಮೊಣಕೈ ಒಳಗೆಳೆದುಕೊಂಡರೆ ಒಂದಿಷ್ಟು ರಸ್ತೆ ಕಾಣುತ್ತಿತ್ತು, ಆದರೆ ಹಾಗೆ ಕೈ ಮುದುಡಿಕೊಂಡು ಸೈಕಲ್ ಹೊಡೆಯಲಾಗುವುದಿಲ್ಲ. ಮಜೀದಸಾಬ ಗಲ್ಲ ಕೆರೆದುಕೊಂಡ. ಆಮೇಲೆ ಮುರಿದು ಬಿದ್ದಿದ್ದ ಹಳೆಯ ಮೋಟರ್ ಸೈಕಲ್ಲಿನಿಂದ ಎರಡು ಕನ್ನಡಿ ಬಿಚ್ಚಿಕೊಂಡು ಬಂದ. ಎರಡಕ್ಕೂ ಮೊಳದುದ್ದದ ಕಬ್ಬಿಣದ ಕಾಂಡ. ಒಂದು ಉಬ್ಬಿದ ಕನ್ನಡಿ, ಇನ್ನೊಂದು ಸಪಾಟು.

"ಉಬ್ಬಿಂದು ತಗೋರಿ. ಇಡೀ ರಸ್ತಾ ಕಾಣ್ತದ. ಲಾರಿ ಎಲ್ಲೋ ದೂರ ಇದ್ದಾಗೇ ಗೊತ್ತಾಗ್ತದ."

ದೇವೀಂದ್ರಪ್ಪ ನೋಡಿದ. ಉಬ್ಬು ಕನ್ನಡಿಯಲ್ಲಿ ಸ್ಟೇಷನ್ನಿನ ಬೇವಿನ ಮರ, ಟಾಂಗಾ, ಚಹಾದಂಗಡಿ ಎಲ್ಲವೂ ಇದ್ದವು. ಚಹಾದಂಗಡಿಯ ಮುಂದೆ ಕೂತಿದ್ದವರ ಮುಖ ಮಾತ್ರ ಜೋಳದ ಕಾಳಿನಷ್ಟಿತ್ತು.

"ಮಂದಿ ಮಾರಿನೇ ಕಾಣಂಗಿಲ್ಲ ಇದರಾಗ."

"ಲಾರಿಗೆಲ್ಲಿ ಮಾರಿ ಇರ್ತದರಿ?"

"ಸಪಾಟಿಂದು ಕೊಡು."

ಮಜೀದಸಾಬ ಅದನ್ನು ಹಿಡಿದುಕೊಂಡು ಸೈಕಲ್ಲಿನ ಬಲಕ್ಕೆ ಬಂದ.

"ಎಡಕ್ಕ ಹಾಕು," ಅಂದ ದೇವೀಂದ್ರಪ್ಪ.

"ಎಡಕ್ಕ? ಗಾಡಿ ಬರೂದು ಬಲಕ್ಕಲ್ಲೇನ್ರಿ?"

"ಬಲಗೈ ದಪ್ಪ ಅದ. ಅಡ್ಡ ಬರ್ತದ."

ಮಜೀದಸಾಬ ಅವನ ಎರಡು ಕೈಗಳನ್ನೂ ನೋಡಿದ. ಒಂದೇ ಅಚ್ಚಿನಲ್ಲಿ ಎರೆದಂತಿದ್ದವು. ಎಡಕ್ಕೆ ಬಂದು ಪಾನಾದಿಂದ ನಟ್ಟು ಬಿಗಿದ. "ತಡ್ರಿ, ಹಿಂದ ಮಂದಿ ಕುಂತ್ರ ಹ್ಯಾಂಗ ಕಾಣ್ತದ ನೋಡೂನು," ಎಂದು, ಲುಂಗಿ ಮೇಲೆತ್ತಿ, ಹೆಂಗಸಿನಂತೆ ಎರಡೂ ಕಾಲು ಎಡಕ್ಕೆ ಬಿಟ್ಟು ಕ್ಯಾರಿಯರ್ ಮೇಲೆ ಕೂತ. ಪಕ್ಕದ ಪಾನಪಟ್ಟಿಯವನು ಕೇಕೆ ಹಾಕಿದ. ಮಜೀದಸಾಬ ಟೋಪಿಯನ್ನು ಸೆರಗಿನಂತೆ ಎಳೆದುಕೊಂಡು, "ಕಾಣ್ತೀನೇನ್ರಿ ನಾ? ಚೆಂದ ಕಾಣ್ತೀನಿಲ್ಲೋ?" ಅಂದ.

ಕಂಡ. ನರೆತ ಗಡ್ಡ, ಎಲೆಯಡಿಕೆಯಿಂದ ಕೆಂಪಾದ ಹಲ್ಲು, ನಗುವ ಕಣ್ಣು ಎಲ್ಲವೂ ಕಂಡವು. ದೇವೀಂದ್ರಪ್ಪ ಕನ್ನಡಿಯನ್ನು ಕೂದಲೆಳೆಯಷ್ಟು ಹೊರಳಿಸಿ, ಮುಖವನ್ನು ಸರಿಯಾಗಿ ನಡುವೆ ತಂದುಕೊಂಡ. ಆಗ ಆ ನಗುವ ಕಣ್ಣು ಅವನ ಕಣ್ಣಿಗೆ ಸಿಕ್ಕವು. ಮಜೀದಸಾಬನ ನಗು ನಿಧಾನವಾಗಿ ಆರಿತು. ಅವನು ಕೆಳಗಿಳಿದು, ಟೋಪಿ ಸರಿಪಡಿಸಿಕೊಂಡು, ಇನ್ನೊಮ್ಮೆ ನಟ್ಟು ಬಿಗಿಯತೊಡಗಿದ.

"ಕನ್ನಡಿ ಅಂದ್ರ ಕಿಡಕಿ ಇದ್ದಂಗ, ದೇವೀಂದ್ರಪ್ಪನೋರೆ," ಅಂದ, ತಲೆಯೆತ್ತದೆ. "ನಿಮಗ ಕಂಡೋರಿಗೆ ನೀವೂ ಕಾಣ್ತೀರಿ."

ದೇವೀಂದ್ರಪ್ಪ ಕೇಳಿಸದವನಂತೆ ಸೈಕಲ್ ದೂಡಿಕೊಂಡು ಹೊರಟ.

ಸೋಮವಾರ ಬೆಳಿಗ್ಗೆ ಗುರುದೇವಿ ಕನ್ನಡಿಯನ್ನು ನೋಡಿದಳು. ಕೇಳಲಿಲ್ಲ. ಇವನೇ, "ಲಾರಿ ಸಲುವಾಗಿ," ಅಂದ. ಅವಳು ಹೂಂ ಅಂದು, ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಓಣಿ ದಾಟುವಾಗ ಲಾಲಪ್ಪ ಬಂದು ಸೇರಿದ.

"ಅಣ್ಣಾರೆ, ಏನಿದು, ಸೈಕಲ್ಲಿಗೆ ಕಿವಿ ಬಂದಂಗದಲ್ಲ! ಒಂದೇ ಕಿವಿ ಯಾಕ?"

ಲಾಲಪ್ಪ ಉತ್ತರಕ್ಕೆ ಕಾಯುವ ಕುಳವಲ್ಲ. ದವಾಖಾನೆಗೆ ಬಂದ ಮುದುಕನೊಬ್ಬನ ಕಥೆ ಹೇಳತೊಡಗಿದ. ದೇವೀಂದ್ರಪ್ಪ ಕಣ್ಣನ್ನು ಕನ್ನಡಿಗೆ ಒಯ್ದ. ಮೊದಲ ಸಲ ಅವಳ ಮುಖ ಕಂಡಿತು. ತುಟಿ ಆಗಲೇ ಅರ್ಧ ಬಿರಿದಿತ್ತು, ಗಲ್ಲದ ಮೇಲೆ ಅವನು ಎಂದೂ ನೋಡದ ಸಣ್ಣ ಗುಳಿ. ಈ ಗುಳಿಯನ್ನು ಲಾಲಪ್ಪ ದಿನಾ ನೋಡುತ್ತಾನೆ. ಬಿಟ್ಟಿಯಾಗಿ ನೋಡುತ್ತಾನೆ.

ಅಷ್ಟರಲ್ಲಿ ಅವಳ ಕಣ್ಣು ಕನ್ನಡಿಗೆ ಬಂತು.

ಅವಳು ನೋಡಿದ್ದು ಒಂದು ಗಳಿಗೆ. ಗುಳಿ ಮಾಯವಾಯಿತು. ಸೆರಗು ತಲೆಯ ಮೇಲೆ ಬಂತು. ಲಾಲಪ್ಪ ಮುದುಕನ ಕಥೆಯ ಕೊನೆ ಮುಟ್ಟಿ ನಗುವಿಗಾಗಿ ಕಾದ, ಆದರೆ ಕ್ಯಾರಿಯರ್ ಅದುರಲಿಲ್ಲ.

ಅಂದಿನಿಂದ ದಾರಿಯೂ ಮನೆಯಂತೆಯೇ ಆಯಿತು. ದೇವೀಂದ್ರಪ್ಪನಿಗೆ ಬೇಕಾದದ್ದು ಸಿಕ್ಕಿತ್ತು, ಆದರೆ ಹೊಟ್ಟೆಯ ಉರಿ ತಣ್ಣಗಾಗಲಿಲ್ಲ. ಅವಳು ನೆಲ ನೋಡುತ್ತಾ ಕೂತರೆ, ಮುಚ್ಚಿಡುವಂಥದ್ದು ಇರುವುದರಿಂದಲೇ ನೆಲ ನೋಡುತ್ತಾಳೆ ಅನಿಸುತ್ತಿತ್ತು. ದೂರದ ಗಣಿಯ ಧೂಳು ನೋಡಿದರೆ, ಯಾರನ್ನು ನೆನೆಯುತ್ತಿದ್ದಾಳೆ ಅನಿಸುತ್ತಿತ್ತು. ನಗು ಕೇಳಿಸುತ್ತಿದ್ದಾಗ ಅದಕ್ಕೊಂದು ಅಳತೆಯಾದರೂ ಇತ್ತು. ಈಗಿನ ಮೌನಕ್ಕೆ ಅದೂ ಇಲ್ಲ. ಲಾಲಪ್ಪ ಕೆಲವು ದಿನ ಒಬ್ಬನೇ ಮಾತಾಡಿ, ಆಮೇಲೆ ಸಿಳ್ಳೆ ಹಾಕತೊಡಗಿದ. ಆ ಸಿಳ್ಳೆಯಲ್ಲೂ ಏನೋ ಸಂದೇಶವಿದೆ ಎಂದು ದೇವೀಂದ್ರಪ್ಪ ಕಿವಿಗೊಟ್ಟು ಕೇಳಿದ.

ಗಣಿ ಹತ್ತಿರವಾಗುವಲ್ಲಿ ರಸ್ತೆಯ ಎಡಕ್ಕೆ ಕಲ್ಲಿನ ಚಕ್ಕೆಗಳ ದಿಬ್ಬಗಳಿದ್ದವು. ಒಂದು ಬೆಳಿಗ್ಗೆ ಅಲ್ಲಿ ಲಾಲಪ್ಪ ಸಿಳ್ಳೆ ನಿಲ್ಲಿಸಿ, "ಅಕ್ಕೋರೆ, ಆ ಮುದ್ಯಾ ನಿನ್ನಿ ಮತ್ತ ಬಂದಿದ್ದ," ಅಂದ. ಅಷ್ಟೇ ಸಾಕಾಯಿತು. ಕನ್ನಡಿಯಲ್ಲಿ ಅವಳು ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡಳು. ಬಾಯಿ ಕಾಣಲಿಲ್ಲ, ಕಣ್ಣಿನ ಅಂಚು ಮುದುಡಿದ್ದು ಕಂಡಿತು. ಸೀಟು ಅದುರಿತು. ಆ ಸೆರಗಿನ ಹಿಂದೆ ಗುಳಿ ಬಿದ್ದಿದೆಯೋ ಇಲ್ಲವೋ ನೋಡಲು ದೇವೀಂದ್ರಪ್ಪ ಕನ್ನಡಿಯ ಕಡೆಗೆ ಬಗ್ಗಿದ.

ಬಲಗಡೆ ಹಿಂದಿನಿಂದ ಬಂದ ಲಾರಿಯ ಹಾರ್ನು ಅವನಿಗೆ ಕೇಳಿಸಿದ್ದು ಅದು ಮೊಣಕೈ ಹತ್ತಿರ ಬಂದಾಗ.

"ಅಣ್ಣಾರೆ! ಲಾರಿ!" ಎಂದು ಲಾಲಪ್ಪ ಕೂಗಿದ. ದೇವೀಂದ್ರಪ್ಪ ಹ್ಯಾಂಡಲ್ಲನ್ನು ಎಡಕ್ಕೆ ಎಳೆದ. ಎಡಕ್ಕೆ ಲಾಲಪ್ಪನಿದ್ದ. ಗುರುದೇವಿ ಡಬ್ಬಿ ಸಮೇತ ಹಿಂದಕ್ಕೆ ಹಾರಿ ನಿಂತಳು. ಎರಡು ಸೈಕಲ್ಲೂ ಇಬ್ಬರು ಗಂಡಸರೂ ಚಕ್ಕೆಯ ದಿಬ್ಬಕ್ಕೆ ಹೋಗಿ ಬಿದ್ದರು, ಲಾಲಪ್ಪ ಕೆಳಗೆ, ದೇವೀಂದ್ರಪ್ಪ ಮೇಲೆ. ಮೈಸೂರು ರಾಜ್ಯದ ನಂಬರು ಬರೆದ ಹಿಂದಿನ ಹಲಗೆಯನ್ನು ಅಲ್ಲಾಡಿಸುತ್ತಾ, ಹೇರಿದ ಫರಸಿಗಳನ್ನು ಕಟಕಟಿಸುತ್ತಾ ಲಾರಿ ಹೊರಟುಹೋಯಿತು.

"ಅಣ್ಣಾರೆ," ಕೆಳಗಿನಿಂದ ಲಾಲಪ್ಪನ ದನಿ ಬಂತು, "ನಿಮ್ಮ ಕಾಲ್ ಬೀಳ್ತೀನಿ, ಏಳ್ರಿ. ನಂದಿನ್ನೂ ಮದಿವಿ ಆಗಿಲ್ಲ."

ಅವನ ಮಣಿಕಟ್ಟು ಉಳುಕಿತ್ತು, ಮೊಣಕಾಲು ತರಚಿತ್ತು. ಆದರೂ ಇನ್ನೊಂದು ಕೈಯಿಂದ ದೇವೀಂದ್ರಪ್ಪನ ಬೆನ್ನಿನ ಧೂಳು ಝಾಡಿಸಿದ. ಬಳಿಕ ಸೊಟ್ಟ ಸೈಕಲ್ ದೂಡಿಕೊಂಡು, "ಔಷಧ ಕೊಡೋನಿಗೇ ಔಷಧ ಬಂತು," ಎಂದು ಗೊಣಗುತ್ತಾ ದವಾಖಾನೆಯ ಕಡೆಗೆ ಮುಂದೆ ಹೋದ.

ಕನ್ನಡಿ ಒಡೆದಿರಲಿಲ್ಲ. ಮುಗಿಲು ನೋಡುತ್ತಾ ಹೊರಳಿ ನಿಂತಿತ್ತು. ಗುರುದೇವಿ ಅದನ್ನು ನೋಡಿದಳು.

"ಕನ್ನಡಿ ಬಲಕ್ಕ ಹಾಕಸ್ರಿ," ಅಂದಳು. "ಲಾರಿ ಬಲಕ್ಕ ಬರ್ತಾವ."

ಕನ್ನಡಿ ಲಾರಿಗಾಗಿ ಅಲ್ಲವೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಇಷ್ಟು ದಿನ ಗೊತ್ತಿದ್ದೂ ಕೂತಿದ್ದಳು. ದೇವೀಂದ್ರಪ್ಪ ಸೈಕಲ್ ಎತ್ತಿ ದೂಡುತ್ತಾ ನಡೆದ. ಅವಳು ಪಕ್ಕದಲ್ಲಿ ನಡೆದಳು. ಸಾಕಷ್ಟು ದೂರ ಹೋದ ಮೇಲೆ ಅವನು ಕೇಳಿದ.

"ಏನಂತಾನ ಅಂವ ದಿನಾ?"

"ಕೇಳಿದ್ರ ಅವತ್ತೇ ಹೇಳ್ತಿದ್ದೆ."

"ಈಗ ಕೇಳಾಕತ್ತೀನಲ್ಲ."

"ಒಬ್ಬ ಮುದ್ಯಾಗ ಮೊಣಕಾಲಿಗೆ ಹಚ್ಚೋ ಮಲಾಮ ಕೊಟ್ಟಿದ್ನಂತ. ಅಂವ ರೊಟ್ಟಿಗೆ ಹಚ್ಕೊಂಡು ತಿಂದು, ಇನ್ನೊಂದೀಟು ಕೊಡು, ರುಚಿ ಅದ ಅಂತ ಬಂದಿದ್ನಂತ." ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ನಿಮ್ಮ ಸುದ್ದೀನೂ ತಗೀತಾನ. ನಿಮ್ಮ ಹಿಂದ ಬಂದ್ರ ಎದುರುಗಾಳಿ ಬಡ್ಯಾಂಗಿಲ್ಲಂತ. ಬಿಸಲಾಗ ನೆರಳೂ ಸಿಗ್ತದಂತ."

"ಅದಕ್ಕ ನಗ್ತಿ?"

"ಅದಕ್ಕೂ ನಗ್ತೀನಿ."

"ಮನ್ಯಾಗ್ಯಾಕ ನಗಂಗಿಲ್ಲ?"

ಅವಳು ನಿಂತು, ಅವನ ಮುಖ ನೋಡಿದಳು. ನಡುವೆ ಕನ್ನಡಿ ಇರಲಿಲ್ಲ.

"ಮನ್ಯಾಗ ಯಾರು ನಗಸ್ತಾರ?"

ಶಾಲೆಯ ಗಂಟೆ ಹೊಡೆಯಿತು. ಅವಳು ಹೊರಟುಹೋದಳು.

ಮಜೀದಸಾಬ ಒಂದೂ ಪ್ರಶ್ನೆ ಕೇಳದೆ ಕನ್ನಡಿಯನ್ನು ಬಲಕ್ಕೆ ಹಾಕಿದ. ಸಪಾಟಿನದನ್ನು ಬಿಚ್ಚಿ ಉಬ್ಬಿನದನ್ನೇ ಕೂರಿಸಿದ, ದೇವೀಂದ್ರಪ್ಪ ಬೇಡವೆನ್ನಲಿಲ್ಲ. ಲಾಲಪ್ಪ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೆಲವು ದಿನ ಬಸ್ಸಿನಲ್ಲಿ ಹೋದ. ಆ ದಿನಗಳಲ್ಲಿ ದಾರಿಯಲ್ಲಿ ಗಂಡಹೆಂಡಿರಿಬ್ಬರೇ. ನಗಿಸುವ ಮಾತು ಯಾವುದಾದರೂ ಬರಲೆಂದು ದೇವೀಂದ್ರಪ್ಪ ಬಾಯಿ ತೆರೆದ, ಮುಚ್ಚಿದ. ಆಫೀಸಿನ ಯಾವ ಸಂಗತಿಯಲ್ಲೂ ನಗು ಇರಲಿಲ್ಲ. ಆ ಕಡ್ಡಿಯಂಥ ಮನುಷ್ಯನಿಗೆ ಇಷ್ಟೊಂದು ಮಾತು ಎಲ್ಲಿಂದ ಸಿಗುತ್ತದೆ ಎಂದು ಹೊಸದಾಗಿ ಮತ್ಸರ ಪಟ್ಟ.

ಒಂದು ಬೆಳಿಗ್ಗೆ, ದಿಬ್ಬಗಳ ಹತ್ತಿರ ಎದುರುಗಾಳಿ ಬೀಸುತ್ತಿತ್ತು. ಅವನು ರಸ್ತೆ ನೋಡುತ್ತಲೇ ಹೇಳಿದ.

"ಲಾಲಪ್ಪ ಬಂದ್ರ ಹೇಳು. ಇಷ್ಟ್ ದಿನ ನನ್ನ ನೆರಳಾಗ ಬಂದಾನ. ನೆರಳಿನ ಬಾಡಗಿ ಕೊಡಬೇಕು ಅಂತ."

ಹಿಂದೆ ಸದ್ದಿಲ್ಲ. ಅವನು ಎರಡು ತುಳಿ ತುಳಿದ. ಇಂಥ ಮಾತು ಆಡಬಾರದಿತ್ತು, ಲಾಲಪ್ಪನಂತೆ ಆಡಲು ತನಗೆ ಬರುವುದಿಲ್ಲ ಅನಿಸಿತು. ಆಗ ಸೀಟು ಸಣ್ಣಗೆ ಅದುರಿತು. ಆಮೇಲೆ ನಗು ಕೇಳಿಸಿತು.

ಅದೇ ಗಳಿಗೆಗೆ ಹಿಂದಿನಿಂದ ಲಾಲಪ್ಪನ ಸೈಕಲ್ ಗಂಟೆಯೂ ಕೇಳಿಸಿತು. ಪಟ್ಟಿ ಬಿಚ್ಚಿಕೊಂಡು ಬಂದಿದ್ದ. "ಅಕ್ಕೋರೆ!" ಎಂದು ಕೂಗಿದ, ದೂರದಿಂದಲೇ.

ನಗು ಯಾವುದಕ್ಕೆ ಬಂದದ್ದು? ತನ್ನ ಮಾತಿಗೋ, ಆ ಗಂಟೆಗೋ? ದೇವೀಂದ್ರಪ್ಪನ ಕುತ್ತಿಗೆ ತಾನಾಗಿ ಎಡಕ್ಕೆ ಹೊರಳಲು ಹವಣಿಸಿತು. ಬಲಗಡೆಯ ಕನ್ನಡಿಯಲ್ಲಿ, ಜೋಳದ ಕಾಳಿನಷ್ಟು ಚಿಕ್ಕದಾಗಿ, ಲಾರಿಯೊಂದು ಬರುತ್ತಿತ್ತು. ಅವನು ಅದನ್ನೇ ನೋಡುತ್ತಾ ಪೆಡಲ್ ತುಳಿದ.